ಪಿಡಿಂಗನ ಓವರ್‌ಕ್ಲಾಕು

ನಮ್ಮ ಬೀದಿಯ ಎಲ್ಪಿಡಿಯೊ ಗರ್ಗಾರಿತಾ ಕೆಟ್ಟ ಮನುಷ್ಯನಲ್ಲ. ಆದರೆ ನಾಲ್ಕು ಜನರೆದುರು ಯಾರಾದರೂ ಅವನನ್ನು ‘ಇದು ನಿನ್ನ ಕೈಲಾಗ್ತದಾ?’ ಎಂದು ಕೇಳಿದರೆ ‘ಅದೇನು ಮಹಾ’ ಎಂದುಬಿಡುತ್ತಾನೆ. ಆಮೇಲೆ ಮನೆಗೆ ಹೋಗಿ, ಏನು ಒಪ್ಪಿಕೊಂಡೆ ಎಂದು ಯೋಚಿಸುತ್ತಾನೆ. ಇಡೀ ಇಲೋಯಿಲೊ ಪ್ರಾಂತ್ಯದಲ್ಲಿ ಇಂಥವರು ಬೇಕಾದಷ್ಟಿದ್ದಾರೆ. ನಮ್ಮ ಪಾಲಿಗೆ ಬಂದವನು ಇವನು. ಅವನನ್ನು ಎಲ್ಲರೂ ಪಿಡಿಂಗ್ ಎನ್ನುತ್ತಾರೆ. ಮದುವೆ, ನಾಮಕರಣಗಳ ವಿಡಿಯೋ ತೆಗೆಯುವುದು ಕಸುಬು. ಹೆಂಡತಿ ಪುರಿಂಗ್. ಪಿಡಿಂಗ್ ಮತ್ತು ಪುರಿಂಗ್ ಎಂದು ಒಟ್ಟಿಗೆ ಕರೆದರೆ ಗಂಟೆ ಬಾರಿಸಿದ ಹಾಗೆ ಕೇಳಿಸುತ್ತದೆ.

ನಮ್ಮ ಬರಂಗಾಯ್‌ನ, ಅಂದರೆ ಊರ ಪಂಚಾಯ್ತಿಯ, ಮುಖ್ಯಸ್ಥನಾದ ಕಪ್ತಾನ ತೆಯೊದುಲೊ ತನ್ನ ಒಬ್ಬಳೇ ಮಗಳು ಚೆರಿಲಿನ್‌ಳ ಮದುವೆ ಗೊತ್ತು ಮಾಡಿದಾಗ, ಗಂಡಿನ ಕಡೆಯವರು ಮಾತುಕತೆಗೆ ಬಂದರು. ನಾವು ನೆರೆಯವರೂ ಹೋಗಿದ್ದೆವು. ಹುಡುಗ ಹಡಗಿನಲ್ಲಿ ಕೆಲಸದವನು. ಮದುವೆಯ ಮಾರನೆಯ ದಿನವೇ ಹೊರಡಬೇಕು, ಮರಳಿ ಬರುವುದು ಮುಂದಿನ ವರ್ಷ. ಊಟದ ನಡುವೆ ಹುಡುಗನ ತಾಯಿ, ಪಟ್ಟಣದ ಒಂದು ಮದುವೆಯಲ್ಲಿ ತಾನು ಕಂಡ ಸೋಜಿಗವನ್ನು ಹೇಳಿದಳು. ಬೆಳಿಗ್ಗೆ ಇಗರ್ಜಿಯಲ್ಲಿ ನಡೆದ ಮದುವೆಯ ಸಿನಿಮಾವನ್ನು ಮಧ್ಯಾಹ್ನ ಊಟದ ಹೊತ್ತಿಗೇ ಪರದೆಯ ಮೇಲೆ ತೋರಿಸಿಬಿಟ್ಟರಂತೆ, ಹಾಡು ಹಾಕಿ, ಹೆಸರು ಬರೆದು. ಮಗ ಹಾಗೆ ಒಂದನ್ನು ಹಡಗಿಗೆ ಒಯ್ಯುವಂತಿದ್ದರೆ ಚೆನ್ನಿತ್ತು ಎಂದಳು. ಎಲ್ಲರ ಕಣ್ಣೂ ಪಿಡಿಂಗನ ಕಡೆ ತಿರುಗಿತು. ಅವನ ಬಾಯಲ್ಲಿ ಪಾನ್ಸಿತ್ ಮೋಲೊ ಎಂಬ ಸಾರಿನ ಮಾಂಸದ ಕಡುಬು ಇಡಿಯಾಗಿ ಇತ್ತು. ಅದನ್ನು ನುಂಗುವ ವ್ಯವಧಾನವೂ ಇಲ್ಲದೆ, “ಅದೇನು ಮಹಾ” ಎಂದ.

ಮಹಾ ಏನು ಎಂಬುದು ಅವನ ಕಂಪ್ಯೂಟರಿಗೆ ಗೊತ್ತಿತ್ತು. ಅದು ಹಳೆಯ ಗಿರಾಕಿ. ಒಂದು ನಾಮಕರಣದ ವಿಡಿಯೋ ಜೋಡಿಸಿ ಕೊಡಬೇಕಾದರೆ ಊಟದ ಹೊತ್ತಿಗೆ ಆರಂಭಿಸಿ ಸಂಜೆಯ ಪ್ರಾರ್ಥನೆಯ ಗಂಟೆಯವರೆಗೂ ಏದುಸಿರು ಬಿಡುತ್ತಿತ್ತು. ಫ್ಯಾನಿನ ಸದ್ದು ದಿಬ್ಬ ಹತ್ತುವ ತ್ರಿಚಕ್ರದ ಬಂಡಿಯಂತೆ ಬೀದಿಗೆಲ್ಲ ಕೇಳುತ್ತಿತ್ತು. ಪಿಡಿಂಗ್ ಅಂದೇ ಒಂದು ಪರೀಕ್ಷೆ ಮಾಡಿ ನೋಡಿ ಕಂಗಾಲಾದ. ಹೊಸ ಯಂತ್ರ ತರೋಣ ಎಂದರೆ ಪುರಿಂಗ್ ಒಪ್ಪುವವಳಲ್ಲ. ಆಗ ಅವನಿಗೆ ನೆನಪಾದದ್ದು ಪಟ್ಟಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಚಿಕ್ಕಮ್ಮನ ಮಗಳು ಎರ್ಮಿನಿಯಾ.

ಎರ್ಮಿನಿಯಾ ಒರಟು ಮಾತಿನ, ಮೃದು ಮನಸ್ಸಿನ ಹೆಂಗಸು. ಇರುವ ಯಂತ್ರವನ್ನೇ ಸ್ವಲ್ಪ ಬೆನ್ನು ತಟ್ಟಿ ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕ್ ಮಾಡುವುದು ಅನ್ನುತ್ತಾರೆ ಎಂದು ಫೋನಿನಲ್ಲಿ ವಿವರಿಸಿದಳು. ಪ್ರೊಸೆಸರು ಯಂತ್ರದ ಹೃದಯವಿದ್ದ ಹಾಗೆ, ಗ್ರಾಫಿಕ್ಸ್ ಕಾರ್ಡು ಕಣ್ಣಿದ್ದ ಹಾಗೆ. ಎರಡರ ಬಡಿತವನ್ನೂ ಕೊಂಚ ಏರಿಸಬೇಕು, ಆದರೆ ಸರಿಯಾದ ಟೂಲ್‌ಗಳನ್ನು ಆರಿಸಿಕೊಳ್ಳದೆ ಕೈ ಹಾಕಿದರೆ ಸುಟ್ಟು ಬೂದಿಯಾಗುತ್ತದೆ ಎಂದಳು.

ಪಿಡಿಂಗ್ ಆ ಮಾತನ್ನು ಬಹಳ ಗಂಭೀರವಾಗಿ ತೆಗೆದುಕೊಂಡ. ಮಧ್ಯಾಹ್ನವೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅಲ್ಲಿದ್ದುದರಲ್ಲೇ ದೊಡ್ಡ ಪೆಟ್ಟಿಗೆ ಆರಿಸಿಕೊಂಡು ಬಂದ. ಅದರಲ್ಲಿ ಸ್ಪ್ಯಾನರು, ಇಕ್ಕಳ, ಸುತ್ತಿಗೆ, ಕೊಳಾಯಿ ತಿರುಗಿಸುವ ಒಂದು ಮಹಾಕಾಯದ ಆಯುಧ ಎಲ್ಲ ಇದ್ದವು. ಪೆಟ್ಟಿಗೆಯನ್ನು ಪುರಿಂಗ್‌ಗೆ ಕಾಣದಂತೆ ಕೋಳಿಗೂಡಿನ ಹಿಂದೆ ಇಟ್ಟ. ಎರ್ಮಿನಿಯಾಗೆ ಫೋನಿನ ಪರದೆಯಲ್ಲಿ ಹೆಮ್ಮೆಯಿಂದ ತೋರಿಸಿದ.

“ನೋಂಗ್,” ಎಂದಳು ಅವಳು, ಅಣ್ಣನನ್ನು ಕರೆಯುವ ಹಾಗೆ, “ನೀವು ಕಂಪ್ಯೂಟರು ರಿಪೇರಿ ಮಾಡ್ತೀರೋ, ಹಡಗು ಬಿಚ್ತೀರೋ?”

ಟೂಲ್ ಎಂದರೆ ಕಂಪ್ಯೂಟರಿನ ಒಳಗೆ ಹಾಕಿಕೊಳ್ಳುವ ಪ್ರೋಗ್ರಾಮುಗಳು ಎಂದು ಅವಳು ತಿಳಿಸಿ ಹೇಳಬೇಕಾಯಿತು. ಪಿಡಿಂಗ್ ಅದಕ್ಕೂ ‘ನನಗೆ ಗೊತ್ತಿತ್ತು’ ಎಂದ.

ಮರುದಿನ ಬೆಳಿಗ್ಗೆ ಉಳಿದ ವಿವರ ಕೇಳಿಕೊಳ್ಳಲು ಅವನು ಹಿತ್ತಲಿಗೆ ಹೋಗಿ ಮತ್ತೆ ಫೋನು ಮಾಡಿದ. ಪುರಿಂಗ್ ಒಳಗೆ ಅಕ್ಕಿ ತೊಳೆಯುತ್ತಿದ್ದುದರಿಂದ ದನಿ ತಗ್ಗಿಸಿದ್ದ. ಆದರೆ ಬೇಲಿಯ ಆಚೆ ನಾಂಗ್ ಸಾಬೆಲ್, ಅಂದರೆ ಸಾಬೆಲಕ್ಕ, ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಸಾಬೆಲ್ ನಮ್ಮ ಬೀದಿಯ ಕಿರಾಣಿ ಅಂಗಡಿಯವಳು. ಅವಳ ಅಂಗಡಿಯಲ್ಲಿ ಉಪ್ಪು ಮುಗಿದಿರಬಹುದು, ಸುದ್ದಿ ಮುಗಿದದ್ದಿಲ್ಲ. ತಗ್ಗಿಸಿದ ದನಿ ಅವಳಿಗೆ ಎತ್ತಿದ ದನಿಗಿಂತ ಚೆನ್ನಾಗಿ ಕೇಳಿಸುತ್ತದೆ.

ಅವಳ ಕಿವಿಗೆ ಬಿದ್ದದ್ದು ಇಷ್ಟು:

“ತುಂಬ ಕಾದುಹೋಗ್ತಿದೆ ಕಣೇ. ಸ್ವಲ್ಪ ಭಾರ ಬಿದ್ರೆ ನಿಂತೇಹೋಗ್ತದೆ… ಹೌದು, ವಯಸ್ಸಾಯ್ತಲ್ಲ… ಹೃದಯಕ್ಕೆ ಕರೆಂಟು ಜಾಸ್ತಿ ಕೊಟ್ರೆ?… ಸುಟ್ಟೇಹೋಗ್ತದಾ?… ಸರಿ, ಸ್ಟ್ರೆಸ್ ಟೆಸ್ಟ್ ಮಾಡಿಸ್ತೀನಿ. ಓವರ್‌ಕ್ಲಾಕ್ ಮದುವೆ ಒಳಗೇ ಆಗಬೇಕು. ಪುರಿಂಗ್‌ಗೆ ಮಾತ್ರ ಹೇಳಬೇಡ, ಅಳ್ತಾ ಕೂತ್ಕೋತಾಳೆ.”

ಸಾಬೆಲ್ ಸೊಪ್ಪನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಮೇಣದಬತ್ತಿ ಹಚ್ಚಿದಳು. ಆಮೇಲೆ ಅಂಗಡಿಯ ಬಾಗಿಲು ತೆಗೆದಳು. ಮೊದಲು ಸಿಕ್ಕಿದ ಗಿರಾಕಿ ನಾನು. ಪಿಡಿಂಗನ ಹೃದಯ ಕೆಟ್ಟಿದೆಯಂತೆ, ಪಟ್ಟಣದಲ್ಲಿ ಕರೆಂಟು ಕೊಡುತ್ತಾರಂತೆ, ಆದರೂ ಮದುವೆಯ ಒಳಗೆ ಎಲ್ಲ ಮುಗಿಯುತ್ತದಂತೆ ಎಂದು ಅವಳು ಸೆರಗಿನಂತೆ ಹೆಗಲಿಗೆ ಹಾಕಿಕೊಂಡಿದ್ದ ಟವೆಲಿನಲ್ಲಿ ಕಣ್ಣೊರೆಸಿಕೊಂಡಳು. ಯಾರು ಹೇಳಿದ್ದು ಎಂದು ಕೇಳಿದೆ.

“ಅವನೇ ತನ್ನ ಬಾಯಾರೆ ಹೇಳಿದ್ದು. ಓವರ್ ಕ್ಲಾಕ್ ಅಂದ. ಕ್ಲಾಕು ಓವರ್ ಅಂದ್ರೆ ಏನರ್ಥ, ನೀವು ಓದಿದವರು, ನೀವೇ ಹೇಳಿ.”

ನಾನು ಓದಿದವನಾದ್ದರಿಂದ ಅರ್ಥ ಮಾಡಿಕೊಂಡೆ. ಅವನ ಗಡಿಯಾರ ಮುಗಿದಿತ್ತು.

ಅಂದಿನಿಂದ ಪಿಡಿಂಗನ ಮೇಲೆ ಬೀದಿಯ ಪ್ರೀತಿ ಹರಿಯತೊಡಗಿತು. ಬೆಳಿಗ್ಗೆ ಒಬ್ಬರು ಶುಂಠಿ ಹಾಕಿದ ಕೋಳಿಗಂಜಿ ತಂದರೆ ಮಧ್ಯಾಹ್ನ ಇನ್ನೊಬ್ಬರು ಎಳನೀರು. ಅವನ ಕ್ಯಾಮೆರಾ ಚೀಲವನ್ನು ಯಾರೋ ಕಸಿದುಕೊಂಡು ಹೊತ್ತರು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಹುಂಜದ ಜೂಜಿನ ಗೆಳೆಯನೊಬ್ಬ ಬಂದು ಕೈ ಹಿಡಿದುಕೊಂಡು, ಹಳೆಯದನ್ನೆಲ್ಲ ಮರೆತುಬಿಡು ಎಂದ. ಪಿಡಿಂಗ್ ಇದನ್ನೆಲ್ಲ ತನ್ನ ಕಲೆಗೆ ಸಂದ ಗೌರವವೆಂದು ತಿಳಿದ. ಮದುವೆಯ ದಿನವೇ ಸಿನಿಮಾ ತೋರಿಸುವ ಸುದ್ದಿ ಹಬ್ಬಿದೆ, ಜನ ಬೆರಗಾಗಿದ್ದಾರೆ ಎಂದುಕೊಂಡು, ಯಾರು ಹೇಗಿದ್ದೀ ಎಂದು ಕೇಳಿದರೂ ಎದೆಯುಬ್ಬಿಸಿ ಒಂದೇ ಉತ್ತರ ಕೊಡುತ್ತಿದ್ದ: ಭಯವೇನಿಲ್ಲ, ನಿಧಾನವಾಗಿ ಏರಿಸುತ್ತಾ ಹೋಗುತ್ತೇನೆ, ತಡೆದುಕೊಂಡರೆ ತಡೆದುಕೊಂಡಿತು. ಇಷ್ಟು ಧೈರ್ಯವನ್ನು ನಮ್ಮ ಊರು ಸಾಯುವವರಲ್ಲಿ ಕಂಡಿರಲಿಲ್ಲ. ಹೆಂಗಸರು ಮುಖ ತಿರುಗಿಸಿ ಮೂಗು ಸೀಟಿಕೊಂಡರು.

ಪುರಿಂಗ್‌ಗೆ ಯಾರೂ ಹೇಳುವ ಹಾಗಿರಲಿಲ್ಲ. ಆದ್ದರಿಂದ ಎಲ್ಲರೂ ಅವಳನ್ನು ತಬ್ಬಿಕೊಂಡರು. ಸಂತೆಯಲ್ಲಿ ಮೀನಿನವಳು ಒಂದು ದೊಡ್ಡ ಬಾಂಗುಸ್ ಮೀನನ್ನು ಸುಮ್ಮನೆ ಬುಟ್ಟಿಗೆ ಹಾಕಿ, ಗಟ್ಟಿಯಾಗಿರು ತಾಯಿ ಎಂದಳು. ಪುರಿಂಗ್ ಮನೆಗೆ ಬಂದು ಗಂಡನನ್ನು ಮೇಲಿಂದ ಕೆಳಗೆ ನೋಡಿ, “ನೀನು ಏನಾದ್ರೂ ಗೆದ್ದಿದ್ದೀಯೋ, ಯಾರನ್ನಾದ್ರೂ ಕೊಂದಿದ್ದೀಯೋ? ಯಾವುದಾದ್ರೂ ಸರಿ, ಈಗಲೇ ಹೇಳು” ಎಂದಳು. ಅವನು ಕೋಳಿಗೂಡಿನ ಕಡೆ ಕಣ್ಣು ಹಾಯಿಸಿ, ಏನೂ ಇಲ್ಲ ಎಂದ. ಆ ಕಣ್ಣು ಹಾಯಿಸಿದ್ದರಿಂದ ಅವಳಿಗೆ ಕೊಂದಿದ್ದಾನೆಂದೇ ಅನ್ನಿಸಿತು.

ಸುದ್ದಿ ಕಪ್ತಾನ ತೆಯೊದುಲೊಗೆ ಮುಟ್ಟಿದಾಗ ಅವನು ಮದುವೆಗೆಂದು ಅಕ್ಕಿಮೂಟೆ ಇಳಿಸುತ್ತಿದ್ದ. ಕಪ್ತಾನ ಎತ್ತಿನಂಥ ಆಳು. ಆಳುಗಳಿದ್ದರೂ ಮೂಟೆ ತಾನೇ ಹೊರಬೇಕು, ಕುರ್ಚಿ ತಾನೇ ಎತ್ತಬೇಕು. ಆ ದಿನಗಳಲ್ಲಿ ಎಡಹೆಗಲು ನೋಯುತ್ತದೆ ಎಂದು ಮುಲಾಮು ತಿಕ್ಕಿಸಿಕೊಳ್ಳುತ್ತಿದ್ದ. ಮೂಟೆ ಹೊತ್ತದ್ದಕ್ಕೆ ಎನ್ನುತ್ತಿದ್ದ. ಪಿಡಿಂಗನ ವಿಷಯ ಕೇಳಿ ಅವನು ಮೂಟೆಯ ಮೇಲೇ ಕುಳಿತುಬಿಟ್ಟ. ತನ್ನ ಮಗಳ ಮದುವೆಗಾಗಿ ಒಬ್ಬ ಸಾಯುತ್ತಿರುವ ಮನುಷ್ಯ ಓಡಾಡುತ್ತಿದ್ದಾನೆ. ಬೇಡವೆಂದರೆ ಮನಸ್ಸು ಮುರಿಯುತ್ತದೆ, ಬೇಕೆಂದರೆ ಜೀವ ಹೋಗುತ್ತದೆ. ಕಪ್ತಾನ ಆಡಳಿತಗಾರನಾದ್ದರಿಂದ ಒಂದು ನಿಯೋಗ ರಚಿಸಿದ. ತಾನು, ಪಾದ್ರಿ, ಆರೋಗ್ಯ ಕೇಂದ್ರದ ನರ್ಸ್ ಒಫೆಲಿಯಾ. ಸಾಬೆಲ್ ತಾನೇ ಸೇರಿಕೊಂಡಳು. ನಾನು ಸಾಕ್ಷಿಗಿರಲಿ ಎಂದು ಹೋದೆ.

ಪಿಡಿಂಗ್ ಬಾಗಿಲು ತೆಗೆದು ನಮ್ಮನ್ನು ನೋಡಿ ಬಹಳ ಸಂತೋಷಪಟ್ಟ. ಪಾದ್ರಿಗಳ ಕೈಯಲ್ಲಿ ರೋಗಿಗಳಿಗೆ ಹಚ್ಚುವ ಪವಿತ್ರ ತೈಲದ ಪುಟ್ಟ ಶೀಷೆ ಇತ್ತು. ನಮ್ಮಲ್ಲಿ ಹೊಸ ಅಂಗಡಿ, ಹೊಸ ಮೋಟಾರು ಸೈಕಲ್ಲು, ಹಂದಿಗೂಡು ಎಲ್ಲವನ್ನೂ ಪಾದ್ರಿಗಳು ಆಶೀರ್ವದಿಸುವುದುಂಟು. ಹಾಗಾಗಿ ಅವನು ಅವರನ್ನು ನೇರ ಕಂಪ್ಯೂಟರಿನ ಬಳಿಗೆ ಕರೆದೊಯ್ದ.

ತೊಂದರೆ ಎಲ್ಲಿದೆ ಮಗು ಎಂದು ಪಾದ್ರಿಗಳು ಮೆಲ್ಲಗೆ ಕೇಳಿದರು.

“ಇದರ ಒಳಗೆ, ಫಾದರ್. ಮುಟ್ಟಿ ನೋಡಿ, ಈಗಲೂ ಬಿಸಿ ಇದೆ. ಆದರೆ ಎಣ್ಣೆ ಮಾತ್ರ ಹಚ್ಚಬೇಡಿ, ಕರೆಂಟು ಹೊಡೆದೀತು.”

ಪಾದ್ರಿಗಳು ಕಪ್ತಾನನ ಮುಖ ನೋಡಿದರು. ಕಪ್ತಾನ ತನ್ನ ತಲೆಯ ಪಕ್ಕದಲ್ಲಿ ಬೆರಳು ಆಡಿಸಿ, ರೋಗ ಮೇಲಕ್ಕೂ ಏರಿದೆ ಎಂದು ಸನ್ನೆ ಮಾಡಿದ. ಒಫೆಲಿಯಾ ಮುಂದೆ ಬಂದು, ನೀವು ಸ್ಟ್ರೆಸ್ ಟೆಸ್ಟ್ ಮಾಡಿಸಬೇಕಂತಲ್ಲ, ಅದಕ್ಕೂ ಮುಂಚೆ ನಾನೊಂದು ಸಣ್ಣ ಪರೀಕ್ಷೆ ಮಾಡುತ್ತೇನೆ ಎಂದು ರಕ್ತದೊತ್ತಡ ನೋಡುವ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಪಿಡಿಂಗ್‌ಗೆ ಕಣ್ಣು ತುಂಬಿ ಬಂತು. ಎರ್ಮಿನಿಯಾ ಹೇಳಿದ ಟೂಲುಗಳಲ್ಲಿ ಇದೂ ಒಂದಿರಬೇಕು, ಸರ್ಕಾರದವರೇ ಮನೆ ಬಾಗಿಲಿಗೆ ತಂದಿದ್ದಾರೆ ಎಂದು ಅವನಿಗನ್ನಿಸಿತು. ಪಟ್ಟಿಯನ್ನು ಎತ್ತಿಕೊಂಡು ಕಂಪ್ಯೂಟರಿನ ಡಬ್ಬಿಗೆ ಸುತ್ತಲು ನೋಡಿದ. ಅದು ಸಾಲಲಿಲ್ಲ. ಇನ್ನೂ ದೊಡ್ಡದು ಇದೆಯಾ ಎಂದು ಒಫೆಲಿಯಾಳನ್ನು ಕೇಳಿದ.

ಯಾರೂ ನಗಲಿಲ್ಲ. ಪಾಪ, ತೋಳಿಗೆ ಕಟ್ಟಿಸಿಕೊಳ್ಳಲು ಹೆದರಿ ಹುಚ್ಚನ ಹಾಗೆ ನಟಿಸುತ್ತಿದ್ದಾನೆ ಎಂದುಕೊಂಡೆವು. ಕಪ್ತಾನ ಅವನ ಹೆಗಲ ಮೇಲೆ ಕೈಯಿಟ್ಟ.

“ಹೆದರ್ಕೋಬೇಡ ಗೆಳೆಯಾ, ಪಾರೆ. ಇದರಲ್ಲಿ ನೋವಿಲ್ಲ. ನೋಡು, ಮೊದಲು ನಾನೇ ಕಟ್ಟಿಸ್ಕೋತೀನಿ.”

ಅವನು ಅಂಗಿಯ ತೋಳು ಮಡಚಿ ಕುಳಿತ. ಒಫೆಲಿಯಾ ಪಟ್ಟಿ ಕಟ್ಟಿ ಗಾಳಿ ತುಂಬಿದಳು. ಮುಳ್ಳು ನೋಡಿದಳು. ಗಾಳಿ ಬಿಟ್ಟಳು. ಮತ್ತೆ ತುಂಬಿದಳು. ಇನ್ನೊಂದು ತೋಳಿಗೆ ಕಟ್ಟಿದಳು. ಕಪ್ತಾನ ಪಿಡಿಂಗನ ಕಡೆ ತಿರುಗಿ, ನೋಡಿದೆಯಾ, ಏನೂ ಇಲ್ಲ ಎಂದು ನಗುತ್ತಿದ್ದ. ಒಫೆಲಿಯಾ ನಗುತ್ತಿರಲಿಲ್ಲ. ಎಡಹೆಗಲು ಯಾವಾಗಿನಿಂದ ನೋಯುತ್ತಿದೆ, ದವಡೆಯವರೆಗೂ ಬರುತ್ತದೆಯೇ, ಮೆಟ್ಟಿಲು ಹತ್ತಿದರೆ ಬೆವರುತ್ತದೆಯೇ ಎಂದು ಕೇಳಿದಳು. ಕಪ್ತಾನ ಎಲ್ಲಕ್ಕೂ, ಹೌದು, ಮೂಟೆ ಹೊತ್ತದ್ದಕ್ಕೆ ಎಂದ.

“ಕಪ್ತಾನ, ನೀವು ಈಗ ಎದ್ದು ನಿಲ್ಲಬೇಡಿ,” ಎಂದಳು ಅವಳು. “ಆಂಬುಲೆನ್ಸ್ ಇಲ್ಲಿಗೇ ಬರ್ತದೆ.”

ಬರಂಗಾಯ್‌ನ ಆಂಬುಲೆನ್ಸ್ ಮದುವೆಯ ಪಾತ್ರೆ ತರಲು ಹೋಗಿತ್ತು. ಪಾತ್ರೆಗಳನ್ನು ರಸ್ತೆಯಲ್ಲೇ ಇಳಿಸಿ ಓಡೋಡಿ ಬಂತು. ಕಪ್ತಾನನನ್ನು ಮಲಗಿಸಿಕೊಂಡು ಹೋಗುವಾಗಲೂ ಅವನು ಒಫೆಲಿಯಾಳಿಗೆ, ತಪ್ಪು ಮನುಷ್ಯನನ್ನು ಒಯ್ಯುತ್ತಿದ್ದೀರಿ, ರೋಗಿ ಅವನು ಎಂದು ಪಿಡಿಂಗನನ್ನು ತೋರಿಸುತ್ತಲೇ ಇದ್ದ.

ಪಟ್ಟಣದ ವೈದ್ಯರು ಅಂದೇ ಅವನ ಹೃದಯದ ಒಂದು ಮುಖ್ಯ ನಾಳ ಮುಚ್ಚುವ ಹಂತಕ್ಕೆ ಬಂದಿರುವುದನ್ನು ಕಂಡು, ಅದರೊಳಗೆ ಪುಟ್ಟ ಬಲೆಯ ಕೊಳವೆ ಕೂರಿಸಿದರು. ಇನ್ನು ಕೆಲವು ದಿನ ಮೂಟೆ ಹೊತ್ತಿದ್ದರೆ ಮದುವೆಯ ಚಪ್ಪರದಲ್ಲೇ ಬೀಳುತ್ತಿದ್ದರು ಎಂದು ಚೆರಿಲಿನ್‌ಗೆ ಹೇಳಿದರಂತೆ. ಹುಡುಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನಮ್ಮೊಬ್ಬೊಬ್ಬರ ಕೈಯನ್ನೂ ಹಿಡಿದುಕೊಂಡಳು. ಅಪ್ಪನಿಗೆ ಪರೀಕ್ಷೆ ಮಾಡಿಸಬೇಕೆಂದು ಯಾರಿಗೆ ತೋಚಿತು ಎಂದು ಕೇಳಿದಳು. ಆಗ ಪಿಡಿಂಗನ ಹೃದಯದ ಪ್ರಶ್ನೆ ಬಂತು. ಯಾವ ಹೃದಯ ಎಂದು ಪಿಡಿಂಗ್ ಕೇಳಿದ. ಸಾಬೆಲ್ ಬೇಲಿಯ ಬಳಿ ಕೇಳಿದ್ದನ್ನೆಲ್ಲ ಒಪ್ಪಿಸಿದಳು. ಒಂದೊಂದು ಮಾತಿಗೂ ಪಿಡಿಂಗನ ಮುಖ ಇಳಿಯುತ್ತಾ ಬಂತು. ಅಷ್ಟು ದಿನ ಕುಡಿದ ಕೋಳಿಗಂಜಿ ಅವನ ಕಲೆಗೆ ಸಂದದ್ದಲ್ಲವೆಂದು ಅವನಿಗೆ ಆಗ ತಿಳಿಯಿತು. ಪುರಿಂಗ್ ಎಲ್ಲವನ್ನೂ ಕೇಳಿ ಮುಗಿಸಿದ ಮೇಲೆ ಗಂಡನ ಎದೆಗೆ ಕಿವಿಯಿಟ್ಟು ಆಲಿಸಿ, ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಬೆನ್ನಿಗೊಂದು ಗುದ್ದಿದಳು.

ಸಾಬೆಲ್‌ಗೆ ನಾಚಿಕೆಯಾಯಿತೆಂದು ಯಾರೂ ಭಾವಿಸಬಾರದು. ತಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಕಪ್ತಾನನ ಗತಿ ಏನಾಗುತ್ತಿತ್ತು ಎಂದು ಅವಳು ಬೀದಿಯನ್ನು ಕೇಳಿದಳು.

ಆದರೆ ಸಿನಿಮಾದ ಸಮಸ್ಯೆ ಹಾಗೆಯೇ ಇತ್ತು. ಆಸ್ಪತ್ರೆಯ ಹಾಸಿಗೆಯಿಂದಲೇ ಕಪ್ತಾನ, ಸಿನಿಮಾ ಆಗಲೇಬೇಕು, ಪಿಡಿಂಗೇ ಮಾಡಬೇಕು ಎಂದು ಹೇಳಿ ಕಳಿಸಿದ. ಈಗ ಅದು ಜಂಬದ ಮಾತಾಗಿ ಉಳಿದಿರಲಿಲ್ಲ. ಪಿಡಿಂಗ್ ಅವಸರಕ್ಕೆ ಬಿದ್ದು, ಅಂತರ್ಜಾಲದಲ್ಲಿ ಸಿಕ್ಕಿದ ಯಾವುದೋ ಹೆಸರಿಲ್ಲದ ಪ್ರೋಗ್ರಾಮನ್ನು ಇಳಿಸಿಕೊಂಡ. ಒಂದೇ ಗುಂಡಿ ಒತ್ತಿದರೆ ವೇಗ ಇಮ್ಮಡಿ ಎಂದು ಅದರಲ್ಲಿ ಬರೆದಿತ್ತು. ಒತ್ತಿದ. ಪರದೆ ಕಪ್ಪಾಯಿತು. ಅವನ ಮುಖವೂ ಕಪ್ಪಾಯಿತು.

ಎರ್ಮಿನಿಯಾ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿ ತಾನೇ ಬಂದಳು. ದಾರಿಯಲ್ಲಿ ಬೈಯಬೇಕೆಂದುಕೊಂಡದ್ದನ್ನೆಲ್ಲ ಬಾಗಿಲಲ್ಲೇ ಬೈದು ಮುಗಿಸಿ, ಕೆಲಸಕ್ಕೆ ಕುಳಿತಳು. ಯಂತ್ರವನ್ನು ಮೊದಲಿನ ಸ್ಥಿತಿಗೆ ತಂದಳು. ಆ ಹಾಳು ಪ್ರೋಗ್ರಾಮನ್ನು ಕಿತ್ತೆಸೆದಳು. ಡಬ್ಬಿ ಬಿಚ್ಚಿದರೆ ಒಳಗೆ ಧೂಳಿನ ಹಾಸಿಗೆ, ಅದರ ಮೇಲೆ ಒಂದು ಕೋಳಿಯ ಪುಕ್ಕ. ಎಲ್ಲ ಊದಿ ತೆಗೆದು, ಪ್ರೊಸೆಸರಿನ ಮೇಲೆ ಒಣಗಿಹೋಗಿದ್ದ, ಬಿಸಿಯನ್ನು ಹೊರಗೆಳೆಯುವ ಮುಲಾಮನ್ನು ಒರೆಸಿ ಹೊಸದು ಹಚ್ಚಿ, ದೊಡ್ಡ ಫ್ಯಾನು ಕೂರಿಸಿದಳು. ಅಷ್ಟಕ್ಕೇ ಯಂತ್ರ ಅರ್ಧ ತಣ್ಣಗಾಯಿತು. ಟೂಲ್ ಆರಿಸುವುದೆಂದರೆ ಆಸ್ಪತ್ರೆ ಆರಿಸಿದ ಹಾಗೆ ಎಂದಳು ಅವಳು. ಯಾರೋ ದಾರಿಹೋಕ ಕೊಟ್ಟದ್ದನ್ನು ನುಂಗಬಾರದು. ಕಾರ್ಡು ಮಾಡಿದವರೂ ನಾಲ್ಕಾರು ವರ್ಷದಿಂದ ಹೆಸರು ಉಳಿಸಿಕೊಂಡವರೂ ಕೊಟ್ಟದ್ದನ್ನು ಅವರ ಮನೆಯಿಂದಲೇ, ಅಂದರೆ ಅವರದೇ ಜಾಲತಾಣದಿಂದಲೇ, ತರಬೇಕು. ಬಿಸಿ ಎಷ್ಟಿದೆಯೆಂದು ತೋರಿಸುವುದೊಂದು, ಗ್ರಾಫಿಕ್ಸ್ ಕಾರ್ಡಿನ ವೇಗವನ್ನು ಕೂದಲೆಳೆಯಷ್ಟು ಏರಿಸಲು ಇಳಿಸಲು ಇನ್ನೊಂದು, ಏರಿಸಿದ ಮೇಲೆ ಮೈಮುರಿಯುವಂತೆ ದುಡಿಸಿ ತಡೆಯುತ್ತದೋ ಇಲ್ಲವೋ ನೋಡಲು ಮತ್ತೊಂದು. ಪ್ರೊಸೆಸರನ್ನು ಯಂತ್ರದ ಒಳಗಿನ ಸೆಟ್ಟಿಂಗಿನಲ್ಲೇ ಸ್ವಲ್ಪ ಏರಿಸಿದಳು. ಕರೆಂಟನ್ನು ಮಾತ್ರ ಮುಟ್ಟಲಿಲ್ಲ.

“ಎಂಬತ್ತೈದು ಡಿಗ್ರಿ ದಾಟಿದ್ರೆ ಇಳಿಸಿಬಿಡಿ, ನೋಂಗ್. ಆಸೆ ಪಡಬೇಡಿ,” ಎಂದು ಪಿಡಿಂಗ್‌ಗೆ ಹೇಳಿದಳು. ಆಮೇಲೆ ಅವನ ಮುಖ ನೋಡಿ, ಅದೇ ಮಾತನ್ನು ಪುರಿಂಗ್‌ಗೆ ಹೇಳಿದಳು.

ಮದುವೆಯ ದಿನ ಕಪ್ತಾನ ಇಗರ್ಜಿಯ ಬಾಗಿಲಿನಿಂದ ಬಲಿಪೀಠದವರೆಗೆ ಮಗಳ ಕೈ ಹಿಡಿದು ನಡೆದ. ವೈದ್ಯರು ನಿಧಾನವಾಗಿ ನಡೆಯಲು ಹೇಳಿದ್ದರು. ಎಷ್ಟು ನಿಧಾನವೆಂದರೆ ಪಿಯಾನೋದವನು ಹಾಡು ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಪಿಡಿಂಗ್ ಹಿಮ್ಮುಖವಾಗಿ ನಡೆಯುತ್ತಾ ಅದನ್ನು ಪೂರ್ತಿ ತೆಗೆದ.

ಊಟ ಬಾಸ್ಕೆಟ್‌ಬಾಲ್ ಅಂಗಳದ ತಗಡಿನ ಮಾಡಿನ ಕೆಳಗೆ. ಕಂಪ್ಯೂಟರನ್ನು ಒಂದು ಮೂಲೆಯಲ್ಲಿ ಇಟ್ಟಿದ್ದರು. ಪಿಡಿಂಗ್ ದೃಶ್ಯಗಳನ್ನು ಜೋಡಿಸಿ, ಹಾಡು ಹಾಕಿ, ಗುಂಡಿ ಒತ್ತಿದ. ಯಂತ್ರ ಹಿಂದೆಂದೂ ಕಾಣದ ವೇಗದಲ್ಲಿ ಓಡಿತು. ಪುರಿಂಗ್ ಬಿಸಿ ತೋರಿಸುವ ಅಂಕಿಯ ಮುಂದೆ ಬೀಸಣಿಗೆ ಹಿಡಿದು ಕುಳಿತಿದ್ದಳು, ಒಲೆಯ ಮೇಲೆ ಹಾಲಿಟ್ಟವಳ ಹಾಗೆ. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದಂತೆ ಅಂಕಿಯೂ ಏರಿತು. ಎಂಬತ್ತೈದು ದಾಟಿದ್ದೇ ತಡ, ಪಿಡಿಂಗ್ ಬೇಡವೆನ್ನುವ ಮೊದಲೇ ಅವಳು ವೇಗವನ್ನು ಇಳಿಸಿಬಿಟ್ಟಳು. ಪರದೆಯ ಮೇಲೆ ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಬಸವನಹುಳುವಿನಂತೆ ತೆವಳತೊಡಗಿತು. ಹುರಿದ ಹಂದಿಯಲ್ಲಿ ಬರೀ ಮೂಳೆ ಉಳಿಯಿತು. ಹುಡುಗನ ತಾಯಿ ಕುತ್ತಿಗೆ ಉದ್ದ ಮಾಡಿ ಮೂಲೆಯ ಕಡೆ ನೋಡಿದಳು. ಪಟ್ಟಣದ ಮದುವೆಯಲ್ಲಿ ಇಷ್ಟು ಹೊತ್ತಾಗಿರಲಿಲ್ಲ ಎಂದಳು.

ಕಪ್ತಾನ ತನ್ನ ಗಂಜಿಯ ಬಟ್ಟಲನ್ನು ಹಿಡಿದುಕೊಂಡು ಎದ್ದು ಬಂದು ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡ.

“ಅವಸರ ಮಾಡಿಸ್ಬೇಡಿ ಅದಕ್ಕೆ,” ಎಂದ ಬೀಗಿತ್ತಿಗೆ, ಬಹಳ ವಿನಯದಿಂದ. “ನನಗೂ ಅದಕ್ಕೂ ಒಂದೇ ಪಥ್ಯ.”

ಸಿನಿಮಾ ಬಂತು. ಐಸ್‌ಕ್ರೀಮು ಕರಗಿದ ಮೇಲೆ ಬಂತು, ಆದರೆ ಬಂತು. ಬಿಳಿಯ ಬಟ್ಟೆಯ ಮೇಲೆ ಇಗರ್ಜಿಯ ಬಾಗಿಲು ತೆರೆಯಿತು, ಅಪ್ಪ ಮಗಳು ನಡೆದು ಬಂದರು. ಸಾಬೆಲ್ ಮತ್ತೆ ಟವೆಲಿನಲ್ಲಿ ಕಣ್ಣೊರೆಸಿಕೊಂಡಳು. ಮುಗಿದ ಮೇಲೆ ಹುಡುಗ ತನ್ನ ಪಾಲಿನ ಪ್ರತಿಯನ್ನು ಕಿಸೆಯಲ್ಲಿ ಇಟ್ಟುಕೊಂಡು, ಕಿಸೆಯ ಮೇಲೆ ಕೈಯಿಟ್ಟುಕೊಂಡೇ ಕುಳಿತ. ಚೆರಿಲಿನ್ ಉದ್ದ ಲಂಗ ಎತ್ತಿಕೊಂಡು ಮೂಲೆಗೆ ಬಂದು, ಮನೆಯ ಹಿರಿಯರಿಗೆ ಮಾಡುವ ಹಾಗೆ ಪಿಡಿಂಗನ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡಳು.

ಪಿಡಿಂಗ್ ತಬ್ಬಿಬ್ಬಾದ. “ನಾನೇನೂ ಮಾಡಿಲ್ಲ ಮಗಳೇ, ಇಂದಾಯ್. ನನ್ನ ಯಂತ್ರ ಕಾದಿತ್ತು, ಅಷ್ಟೇ.”

“ಗೊತ್ತು, ತಿಯೊ,” ಎಂದಳು ಅವಳು, ಸ್ವಂತ ಚಿಕ್ಕಪ್ಪನನ್ನು ಕರೆಯುವ ಹಾಗೆ. ಕೈ ಬಿಡಲಿಲ್ಲ.

ಅಷ್ಟರಲ್ಲಿ ಕಪ್ತಾನ ಬಟ್ಟಲು ಕೆಳಗಿಟ್ಟು, ಬಟ್ಟೆಯ ಕಡೆಗೇ ನೋಡುತ್ತಾ ಹೇಳಿದ:

“ಇನ್ನೊಂದ್ಸಲ ಹಾಕು, ಪಾರೆ. ಆ ನಡೆದು ಬರೋದು.”

ಪುರಿಂಗ್ ಅಂಕಿ ನೋಡಿ ತಲೆಯಾಡಿಸಿದಳು. ಪಿಡಿಂಗ್ ಹಾಕಿದ. ಬಾಗಿಲು ಮತ್ತೆ ತೆರೆಯಿತು. ಕಪ್ತಾನ ಮಗಳ ಕೈ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತಾ, ನಮ್ಮೆಲ್ಲರ ಕಡೆಗೆ ನಡೆದು ಬರತೊಡಗಿದ.